ವಿದ್ಯಾಪೀಠಗಳಲ್ಲಿ ವಿದ್ಯಾರ್ಥಿಯ ದುಡಿಮೆ

ವಿದ್ಯೆಯನ್ನರಸಿ ಬಂದ ಬಡ ಬಾಲಕನಿಗೆ ಅನ್ನವೆಲ್ಲಿಂದ ಬರಬೇಕೆಂಬ ಪ್ರಶ್ನೆಯು ವಿದ್ಯಾಪೀಠಗಳಷ್ಟೇ ಪುರಾತನವಾದುದು. ಅದು ದಾನದಿಂದ ಬಂದರೆ ಋಣಭಾರವಾಗುವುದು. ದುಡಿಮೆಯಿಂದ ಬಂದರೆ ಓದಿಗೆ ವೇಳೆ ಸಾಲದಾಗುವುದು. ಪಾಶ್ಚಾತ್ಯ ವಿದ್ಯಾಪೀಠಗಳು ಈ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳ ಚರಿತ್ರೆಯು ವಿಚಾರಶೀಲರಾದ ವಾಚಕರಿಗೆ ಬೋಧಪ್ರದವಾಗಿದೆ.

ಆಂಗ್ಲ ದೇಶದ ಕೇಂಬ್ರಿಜ್ ವಿದ್ಯಾಪೀಠದಲ್ಲಿ ಇಂತಹ ಬಡ ವಿದ್ಯಾರ್ಥಿಗಳಿಗೆ ‘ಸೈಜರ್’ ಎಂದೂ, ಆಕ್ಸ್‌ಫರ್ಡಿನಲ್ಲಿ ‘ಸರ್ವಿಟರ್’ ಎಂದೂ ಹೆಸರಿತ್ತು. ಅಧ್ಯಾಪಕರಿಗೂ ಸಿರಿವಂತ ಸಹಪಾಠಿಗಳಿಗೂ ಊಟ ಬಡಿಸುವುದು, ಹೇಳಿದ ಕೆಲಸಕ್ಕೆ ಓಡಾಡುವುದು ಮುಂತಾದ ಪರಿಚರ್ಯೆಗಳಿಂದ ಇವರು ತಮ್ಮ ವಿದ್ಯಾಭ್ಯಾಸದ ವೆಚ್ಚವನ್ನು ತಗ್ಗಿಸಿಕೊಳ್ಳುತ್ತಿದ್ದರು. 1661ರಲ್ಲಿ ಟ್ರಿನಿಟಿ ಕಾಲೇಜನ್ನು ಸೇರಿದ ಐಸಾಕ್ ನ್ಯೂಟನ್ನನು ಇದೇ ವರ್ಗದ ಕೆಳಪಂಕ್ತಿಯಲ್ಲಿದ್ದನು. 1732ರಲ್ಲಿ ಆಕ್ಸ್‌ಫರ್ಡನ್ನು ಸೇರಿದ ಧರ್ಮಪ್ರಚಾರಕ ಜಾರ್ಜ್ ವೈಟ್‌ಫೀಲ್ಡನು ಸರ್ವಿಟರನಾಗಿದ್ದನು. ಕವಿ ಆಲಿವರ್ ಗೋಲ್ಡ್‌ಸ್ಮಿತ್ತನು ಡಬ್ಲಿನ್ನಿನಲ್ಲಿ ಸೈಜರನಾಗಿ ಓದಿದನು. ಇವರಿಗೆ ವಿದ್ಯೆಯೇನೋ ದೊರೆಯಿತು. ಆದರೆ ಒಂದೇ ಗುರುವಿನ ಮುಂದೆ ಕುಳಿತವರಲ್ಲಿ ಒಬ್ಬನು ಒಡೆಯನೂ ಇನ್ನೊಬ್ಬನು ಸೇವಕನೂ ಆಗುವ ವೈಪರೀತ್ಯವು ಉಳಿದೇ ಇದ್ದಿತು.

ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. 1857ರಲ್ಲಿ ಪ್ರಾರಂಭವಾದ ಮಿಶಿಗನ್ ಕೃಷಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ದಿನಕ್ಕೆ ಮೂರು ಗಂಟೆ ಮೈಮುರಿದು ದುಡಿಯಬೇಕೆಂಬ ನಿಯಮವಿತ್ತು. ಜಾನ್ ಫೀ ಎಂಬವರು 1855ರಲ್ಲಿ ಕೆಂಟಕಿ ಪ್ರಾಂತದಲ್ಲಿ ಸ್ಥಾಪಿಸಿದ ಬೆರಿಯಾ ವಿದ್ಯಾಲಯವು 1892ರಿಂದ ಬೋಧನಾಶುಲ್ಕವನ್ನು ತೆಗೆದುಕೊಂಡಿಲ್ಲ. ಅಲ್ಲಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಹತ್ತು ಗಂಟೆಗೆ ಕಡಿಮೆಯಿಲ್ಲದಂತೆ ವಿದ್ಯಾಲಯದ ಕೆಲಸವನ್ನು ಮಾಡಬೇಕು. ಎಲ್ಲರೂ ದುಡಿಯುವಲ್ಲಿ ದುಡಿಮೆಯು ಯಾರಿಗೂ ಕೀಳೆನಿಸದು.

1929ರ ಅನಂತರ ಆ ದೇಶವನ್ನು ಕವಿದ ಆರ್ಥಿಕ ಮುಗ್ಗಟ್ಟಿನಿಂದ ಸಾವಿರಾರು ಮಂದಿ ತರುಣರು ಓದು ಬಿಡುವ ಸ್ಥಿತಿಯೊದಗಿತು. ಆಗ ಸರಕಾರವೇ ಮುಂದೆ ಬಂದು, 1933ರ ಕೊನೆಯಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಪರೀಕ್ಷಾರ್ಥವಾಗಿಯೂ, ಮರುವರ್ಷ ದೇಶದಲ್ಲೆಲ್ಲ ವ್ಯಾಪಕವಾಗಿಯೂ, ವಿದ್ಯಾರ್ಥಿಗಳಿಗೆ ವಿದ್ಯಾಲಯದಲ್ಲಿಯೇ ಕೆಲಸ ಕೊಟ್ಟು ವೇತನ ನೀಡುವ ಏರ್ಪಾಡನ್ನು ಮಾಡಿತು. 1935ರ ಜೂನಿನಲ್ಲಿ ಅಧ್ಯಕ್ಷ ರೂಸ್ವೆಲ್ಟರು ಸ್ಥಾಪಿಸಿದ ರಾಷ್ಟ್ರೀಯ ತರುಣಾಡಳಿತವು ಇದನ್ನು ವಹಿಸಿಕೊಂಡಿತು. ಕಾಲೇಜು ವಿದ್ಯಾರ್ಥಿಗೆ ತಿಂಗಳಿಗೆ ಸರಾಸರಿ 15 ಡಾಲರು ದೊರೆಯುತ್ತಿತ್ತು. ಪುಸ್ತಕಾಲಯ, ಪ್ರಯೋಗಶಾಲೆ, ಕಚೇರಿಗಳೇ ಕೆಲಸದ ಸ್ಥಳಗಳು. ಮುಂದೆ ನಾಟಕಕಾರರೆಂದು ಪ್ರಖ್ಯಾತರಾದ ಆರ್ಥರ್ ಮಿಲ್ಲರರು ಮಿಶಿಗನ್ನಿನಲ್ಲಿ ಪ್ರಯೋಗಶಾಲೆಯ ಇಲಿಗಳಿಗೆ ಮೇವು ಹಾಕಿದರು; ಮುಂದೆ ದೇಶಾಧ್ಯಕ್ಷರಾದ ರಿಚರ್ಡ್ ನಿಕ್ಸನ್ನರು ಗಂಟೆಗೆ 35 ಸೆಂಟಿನಂತೆ ಡ್ಯೂಕ್ ವಿದ್ಯಾಪೀಠದಲ್ಲಿ ದುಡಿದರು. ಆಫ್ರಿಕಾ ಮೂಲದ ಅಮೇರಿಕನ್ನರ ಮಕ್ಕಳಿಗೂ ಈ ನೆರವು ದೊರೆಯುವಂತೆ ಶ್ರೀಮತಿ ಮೇರಿ ಮೆಕ್ಲಿಯಡ್ ಬೆತ್ಯೂನರು ಶ್ರಮಿಸಿದರು. 1943ರಲ್ಲಿ ಈ ಆಡಳಿತವು ಮುಗಿಯಿತು.

ಆದರೆ ಬಿತ್ತಿದ ಬೀಜವು ಸಾಯಲಿಲ್ಲ. ಟೆಕ್ಸಾಸಿನಲ್ಲಿ ಈ ಆಡಳಿತದ ಮುಖ್ಯಸ್ಥರಾಗಿದ್ದ ಲಿಂಡನ್ ಜಾನ್ಸನ್ನರು, ಅದಕ್ಕೂ ಮುನ್ನ ಸ್ಯಾನ್ ಮಾರ್ಕೋಸಿನ ಶಿಕ್ಷಕರ ಕಾಲೇಜಿನಲ್ಲಿ ಕಸ ಗುಡಿಸುತ್ತಲೂ, ಅನಂತರ ಅದರ ಅಧ್ಯಕ್ಷರ ಕಚೇರಿಯಲ್ಲಿ ದುಡಿಯುತ್ತಲೂ ಓದಿ, 1930ರಲ್ಲಿ ಪದವೀಧರರಾದವರು. ದೇಶಾಧ್ಯಕ್ಷರಾದ ಮೇಲೆ 1964ರ ಆಗಸ್ಟಿನಲ್ಲಿ ಅವರು ಅಂಕಿತ ಹಾಕಿದ ಶಾಸನದಿಂದ, ದುಡಿಮೆಯೊಡನೆ ಓದುವ ಯೋಜನೆಯು ಮತ್ತೆ ತಲೆಯೆತ್ತಿತು. 1965ರ ನವಂಬರ 8ರಂದು ಉಚ್ಚಶಿಕ್ಷಣದ ಶಾಸನಕ್ಕೆ ಅವರು ಅಂಕಿತವಿತ್ತುದು ತಾವು ಕಸ ಗುಡಿಸಿದ್ದ ಆ ಕಾಲೇಜಿನಲ್ಲಿಯೇ!

ಈ ಯೋಜನೆಯಲ್ಲಿ ಮೊದಮೊದಲು ವೇತನದ ನೂರರಲ್ಲಿ 90 ಪಾಲನ್ನು ಕೇಂದ್ರ ಸರಕಾರವೂ, ಉಳಿದುದನ್ನು ಕೆಲಸ ಕೊಟ್ಟವರೂ ಭರಿಸುತ್ತಿದ್ದರು. ಪಾಠಗಳು ನಡೆಯುವ ಕಾಲದಲ್ಲಿ ವಾರಕ್ಕೆ 15 ಗಂಟೆಗಳನ್ನು ಮೀರಬಾರದೆಂಬ ಮಿತಿಯಿತ್ತು. ಈ ಮಿತಿಯಲ್ಲಿಯೇ ಯೋಜನೆಯ ಮರ್ಮವಿದೆ. ಅಗ್ಗದ ಕೂಲಿ ದೊರೆಯಿತೆಂದು ವಿಭಾಗದವರು ವಿದ್ಯಾರ್ಥಿಯನ್ನು ಹಗಲಿರುಳು ದುಡಿಸಿಕೊಂಡರೆ, ಹಳೆಯ ಸೈಜರನೇ ಹೊಸ ಹೆಸರಿನಿಂದ ಮರಳಿ ಬಂದಂತಾಗುವುದು. ದುಡಿಮೆಯು ಅವನ ಓದಿಗೆ ಪೋಷಕವಾಗಿರಬೇಕಲ್ಲದೆ ಓದನ್ನು ನುಂಗಬಾರದು.

ಗುಡಿಸುವ ಕಸಬರಿಗೆಯು ಅಂದೂ ಇಂದೂ ಒಂದೇ. ಆದರೆ ಸೈಜರನು ಸಹಪಾಠಿಯ ಊಳಿಗದವನಾಗಿದ್ದನು. ಈ ವಿದ್ಯಾರ್ಥಿಯಾದರೋ ವಿದ್ಯಾಮಂದಿರಕ್ಕೆ ದುಡಿದು, ದುಡಿದುದಕ್ಕೆ ನ್ಯಾಯವಾದ ವೇತನವನ್ನು ಪಡೆದು, ತಲೆಯೆತ್ತಿ ನಡೆಯುವನು. ಬಡ ಬಾಲಕನಿಗೆ ಅನ್ನವನ್ನೀಯುವವರು ಅವನ ಮಾನವನ್ನೂ ಕಾಯಬೇಕೆಂಬುದೇ ಈ ಚರಿತ್ರೆಯ ಸಾರವು.