ಮಿಂಚಂಚೆಯ ನಿರ್ಗಮನದ್ವಾರ

ಒಂದೇ ಅಂತರಜಾಲ ಸಂಪರ್ಕವನ್ನು ಹತ್ತಾರು ಗಣಕಗಳು ಹಂಚಿಕೊಂಡಿರುವ ಕಛೇರಿಯಲ್ಲಿ, ಬರತಕ್ಕ ಪತ್ರಗಳೆಲ್ಲವೂ ನಿರ್ವಿಘ್ನವಾಗಿ ಬರುತ್ತಿದ್ದು, ಹೋಗತಕ್ಕವು ಮಾತ್ರ ಔಟ್‌ಬಾಕ್ಸಿನಲ್ಲಿಯೇ ಉಳಿದುಬಿಡುವುದು ಮಿಂಚಂಚೆಯನ್ನು ಬಳಸುವವರಿಗೆ ಚಿರಪರಿಚಿತವಾದ ತೊಡಕು. ಇದನ್ನು ಕೇವಲ ಯಂತ್ರದೋಷವೆಂದು ಬಗೆದವರಿಗೆ ಇದರ ಅರ್ಧಭಾಗವಷ್ಟೇ ಕಂಡೀತು. ಇದರ ಬೇರುಗಳು ಈ ಅಂಚೆಗೆ ನಿಯಮಗಳನ್ನು ರಚಿಸಿದ ಮೊದಲಿಗರು ಪರಸ್ಪರರಲ್ಲಿ ಇರಿಸಿದ್ದ ವಿಶ್ವಾಸದಲ್ಲಿಯೂ, ಆ ವಿಶ್ವಾಸಕ್ಕೆ ಒದಗಿದ ಭಂಗದಲ್ಲಿಯೂ ಇವೆ.

1971ರಲ್ಲಿ ರೇ ಟಾಮ್ಲಿನ್‌ಸನ್ ಅವರು ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಒಂದು ಗಣಕದಿಂದ ಮತ್ತೊಂದಕ್ಕೆ ಪತ್ರವನ್ನು ಕಳುಹಿಸಿ ಈ ಅಂಚೆಗೆ ನಾಂದಿ ಹಾಡಿದರು. 1982ರ ಆಗಸ್ಟ್ ತಿಂಗಳಿನಲ್ಲಿ ಜೊನಾಥನ್ ಪೋಸ್ಟೆಲ್ ಅವರು ಪ್ರಕಟಿಸಿದ ಎಸ್‌ಎಂಟಿಪಿ ಎಂಬ ನಿಯಮಾವಳಿಯು ಪತ್ರರವಾನೆಗೆ ವ್ಯವಸ್ಥಿತ ರೂಪವನ್ನು ಕೊಟ್ಟಿತು. ಅದರಂತೆ ಕಳುಹಿಸುವ ಯಂತ್ರವು 25ನೆಯ ಪೋರ್ಟ್ ಎಂಬ ದ್ವಾರಕ್ಕೆ ಬಂದು ‘ಹೆಲೊ’ ಎಂದು ತನ್ನ ಹೆಸರನ್ನು ಹೇಳುವುದು. ‘ಮೇಲ್ ಫ್ರಮ್’ ಎಂದು ಕಳುಹಿಸುವವರ, ‘ಆರ್‌ಸಿಪಿಟಿ ಟು’ ಎಂದು ಸ್ವೀಕರಿಸುವವರ ವಿಳಾಸವನ್ನು ತಿಳಿಸುವುದು. ಪ್ರತಿಯೊಂದಕ್ಕೂ ಎದುರಿನ ಸರ್ವರ್ 250 ಎಂಬ ಸಮ್ಮತಿಯ ಸಂಖ್ಯೆಯನ್ನು ಮರಳಿ ಕಳುಹಿಸುವುದು. ‘ಡೇಟಾ’ ಎಂದ ಬಳಿಕ ಒಕ್ಕಣೆಯು ಹರಿದು, ಕೊನೆಗೆ ಒಂದು ಸಾಲಿನಲ್ಲಿ ಒಂಟಿ ಚುಕ್ಕಿ ಬಿದ್ದೊಡನೆ ಪತ್ರವು ಮುಗಿಯುವುದು. ಈ ಸಂವಾದದಲ್ಲೆಲ್ಲಿಯೂ ಗುಪ್ತಪದದ ಪ್ರಸ್ತಾಪವಿರಲಿಲ್ಲ. ಜಾಲದಲ್ಲಿದ್ದವು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳೂ ಸಂಶೋಧನಾಲಯಗಳೂ ಆದುದರಿಂದ, ಅನ್ಯರ ಪತ್ರವನ್ನು ಸ್ವೀಕರಿಸಿ ಮುಂದಕ್ಕೆ ಸಾಗಿಸುವುದು ಸೌಜನ್ಯವೆನಿಸಿದ್ದಿತು. ಪೆಟ್ಟಿಗೆಗೆ ಬಂದ ಪತ್ರವಾದರೋ ಒಬ್ಬರ ಸ್ವತ್ತು. ಅದನ್ನು ತೆಗೆದುಕೊಡುವ ‘ಪಾಪ್’ ನಿಯಮವು ಹೆಸರನ್ನೂ ಗುಪ್ತಪದವನ್ನೂ ಕೇಳಿಯೇ ಕೊಡುತ್ತಿದ್ದಿತು. ಒಳಬರುವ ದಾರಿಯೂ ಹೊರಹೋಗುವ ದಾರಿಯೂ ಹೀಗೆ ಮೊದಲಿನಿಂದಲೇ ಭಿನ್ನವಾದುದರಿಂದ, ಒಂದು ತೆರೆದಿರುವಾಗ ಇನ್ನೊಂದು ಮುಚ್ಚಿರುವುದು ಸಾಧ್ಯವಾಯಿತು.

1978ರ ಮೇ ತಿಂಗಳಿನಲ್ಲಿಯೇ ಗ್ಯಾರಿ ಥರ್ಕ್ ಎಂಬವರು ಆರ್ಪಾನೆಟ್ಟಿನ ಸುಮಾರು 400 ಮಂದಿಗೆ ಗಣಕಗಳ ಜಾಹೀರಾತನ್ನು ಕಳುಹಿಸಿ ಅನೇಕರ ಆಕ್ಷೇಪಕ್ಕೆ ಗುರಿಯಾಗಿದ್ದರು. ಜಾಲವು ವಾಣಿಜ್ಯಕ್ಕೆ ತೆರೆದುಕೊಂಡ ತೊಂಬತ್ತರ ದಶಕದಲ್ಲಿ ಇಂತಹ ಜಾಹೀರಾತುಗಳ ತೊರೆಯು ಪ್ರವಾಹವಾಯಿತು. ಯಾರ ಪತ್ರವನ್ನಾದರೂ ಸಾಗಿಸುತ್ತಿದ್ದ ಸರ್ವರುಗಳು ಸ್ಪ್ಯಾಮ್ ಎಂಬ ಬೇಡದ ಪತ್ರಗಳ ವಾಹಕಗಳಾದವು. 1997ರಲ್ಲಿ ಪಾಲ್ ವಿಕ್ಸಿಯವರ ಪಟ್ಟಿಯೂ, ಅನಂತರ, 1998ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಸ್ಪ್ಯಾಮ್‌ಹೌಸ್ ಸಂಸ್ಥೆಯೂ ದುರ್ಬಳಕೆಯಾಗುತ್ತಿದ್ದ ಐಪಿ ವಿಳಾಸಗಳನ್ನು, ಎಂದರೆ ಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ಸಂಖ್ಯೆಗಳನ್ನು, ಕಪ್ಪುಪಟ್ಟಿಯಾಗಿ ಪ್ರಕಟಿಸತೊಡಗಿದವು. ಅವುಗಳಿಂದ ಬಂದ ಪತ್ರಗಳನ್ನು ಸರ್ವರುಗಳು ನಿರಾಕರಿಸತೊಡಗಿದವು. ಅನೇಕ ಅಂತರಜಾಲ ಸೇವಾದಾರರು ಗ್ರಾಹಕರ ಕಡೆಯಿಂದ 25ನೆಯ ಪೋರ್ಟಿನ ಮೂಲಕ ನೇರವಾಗಿ ಹೊರಡುವ ಅಂಚೆಯನ್ನು ಕಾಲಕ್ರಮದಲ್ಲಿ ತಡೆದರು.

ಅದೇ ಕಾಲದಲ್ಲಿ ವಿಳಾಸಗಳ ಅಭಾವವೂ ತಲೆದೋರಿದ್ದಿತು. ಸುಮಾರು 430 ಕೋಟಿಗೆ ಮುಗಿದುಹೋಗುವ ಐಪಿ ವಿಳಾಸಗಳು ಜಗತ್ತಿಗೆ ಸಾಲವೆಂಬುದನ್ನರಿತು 1994ರಲ್ಲಿ ರೂಪಿಸಿದ ‘ನ್ಯಾಟ್’ ಪದ್ಧತಿಯು, ಒಂದೇ ಮನೆನಂಬರಿನ ವಠಾರದಂತೆ, ಹಲವು ಗಣಕಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸಿತು. ಇದರ ಫಲವಾಗಿ, ಒಂದು ಗಣಕಕ್ಕೆ ವೈರಸ್ ತಗುಲಿ ಅದು ಇರುಳೆಲ್ಲ ಸ್ಪ್ಯಾಮನ್ನು ಕಳುಹಿಸಿದರೆ ಬೆಳಗಾಗುವಷ್ಟರಲ್ಲಿ ಎಲ್ಲರ ವಿಳಾಸವೂ ಕಪ್ಪುಪಟ್ಟಿಗೆ ಸೇರಿ, ನಿರಪರಾಧಿಗಳ ಪತ್ರಗಳೂ 550 ಅಥವಾ 554 ಎಂಬ ನಿರಾಕರಣೆಯ ಸಂಖ್ಯೆಯನ್ನು ಹೊತ್ತು ಹಿಂದಿರುಗಿದವು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಭಾರತದ ಜನಸಾಮಾನ್ಯರಿಗೆ ಅಂತರಜಾಲವು ದೊರೆತ ಮೇಲೆ ನಮ್ಮ ಊರುಗಳಲ್ಲಿ ಹುಟ್ಟಿಕೊಂಡ ಸೈಬರ್ ಕೆಫೆಗಳು ಒಂದೇ ಸಂಪರ್ಕವನ್ನು ಹಲವರಿಗೆ ಹಂಚಿದವಾದರೂ, ಅಲ್ಲಿ ಕುಳಿತವರು ಬಹುಪಾಲು ಈ ಸಂಕಟದಿಂದ ಪಾರಾದರು. 1996ರಲ್ಲಿ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಆರಂಭಿಸಿದ ಹಾಟ್‌ಮೇಲಿನಂತಹ ಸೇವೆಗಳಲ್ಲಿ ಪತ್ರವು ಬ್ರೌಸರಿನಿಂದ ಆ ಸಂಸ್ಥೆಯ ಸರ್ವರನ್ನು ಸೇರಿ, ಅಲ್ಲಿಂದ ಹೊರಡುತ್ತಿದ್ದುದೇ ಇದಕ್ಕೆ ಕಾರಣ.

ಗಣಕದಲ್ಲಿಯೇ ಅಂಚೆಯ ತಂತ್ರಾಂಶವನ್ನಿರಿಸಿಕೊಂಡವರಿಗೆ ಪರಿಹಾರವು 1998ರ ಡಿಸೆಂಬರಿನಲ್ಲಿ ಬಂದಿತು. ಪತ್ರವನ್ನು ಮೊದಲಿಗೆ ಒಪ್ಪಿಸುವುದಕ್ಕೆಂದೇ 587ನೆಯ ಪೋರ್ಟನ್ನು ಅಂದು ಪ್ರತ್ಯೇಕಿಸಲಾಯಿತು. ಮರುವರ್ಷವೇ ಎಸ್‌ಎಂಟಿಪಿಗೆ ಗುಪ್ತಪದದ ಪರೀಕ್ಷೆಯೂ ಸೇರಿತು. ಇಂದಿಗೂ ದೋಷಶೋಧನೆಯ ಕ್ರಮವು ಈ ಚರಿತ್ರೆಯನ್ನೇ ಅನುಸರಿಸುತ್ತದೆ. ಸರ್ವರಿನ ಸಂಪರ್ಕವೇ ಸಿಗದಿದ್ದರೆ 25ನ್ನು ಬಿಟ್ಟು 587ನ್ನು, ಇಲ್ಲವೆ 2018ರಲ್ಲಿ ಮತ್ತೆ ಮಾನ್ಯವಾದ 465ನ್ನು ನಮೂದಿಸಿ, ಗೂಢಲಿಪಿಯನ್ನೂ ಗುಪ್ತಪದವನ್ನೂ ಹೊರಹೋಗುವ ಅಂಚೆಗೂ ಅನ್ವಯಿಸತಕ್ಕದ್ದು. ಸಂಪರ್ಕ ಸಿಕ್ಕಿಯೂ ಪತ್ರವು ಹಿಂದಿರುಗಿದರೆ ನಿರಾಕರಣೆಯ ಒಕ್ಕಣೆಯನ್ನು ಪೂರ್ತಿಯಾಗಿ ಓದತಕ್ಕದ್ದು. ಅದರಲ್ಲಿ ಕಪ್ಪುಪಟ್ಟಿಯ ಹೆಸರಿದ್ದರೆ, ಸಂಪರ್ಕವನ್ನು ಹಂಚಿಕೊಂಡ ಗಣಕಗಳಲ್ಲಿ ಸೋಂಕು ತಗುಲಿದುದನ್ನು ಹುಡುಕಿ ಶುದ್ಧಿಗೊಳಿಸಿದ ಮೇಲೆಯೇ ಪಟ್ಟಿಯಿಂದ ಬಿಡುಗಡೆಯನ್ನು ಕೋರಬೇಕು. ಮೂಲವನ್ನು ಅಳಿಸದೆ ಕೋರಿದವರ ವಿಳಾಸವು ಮತ್ತೆ ಪಟ್ಟಿಯನ್ನು ಸೇರುವುದು ನಿಶ್ಚಿತ.

ಪತ್ರವು ಎಲ್ಲಿಂದ ಬಂದಿತೆಂಬ ಒಂದೇ ಪ್ರಶ್ನೆಯಿಂದ ಯೋಗ್ಯಾಯೋಗ್ಯತೆಯನ್ನು ನಿರ್ಣಯಿಸುತ್ತಿದ್ದ ವ್ಯವಸ್ಥೆಯು ಯಾರು ಕಳುಹಿಸಿದರೆಂದು ಕೇಳಲು ಕಲಿತುದು ನ್ಯಾಯದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ನೆರೆಯವರ ದೋಷಕ್ಕೆ ನಿರಪರಾಧಿಯು ದಂಡ ತೆರುವ ಸಂದರ್ಭಗಳು ಅದರಿಂದ ಕಡಿಮೆಯಾದವು. ಆದರೆ ಗುಪ್ತಪದವು ವ್ಯಕ್ತಿಯನ್ನು ಮಾತ್ರ ಗುರುತಿಸಬಲ್ಲುದು, ವಿಳಾಸದ ಸತ್ಕೀರ್ತಿಯು ಅದನ್ನು ಹಂಚಿಕೊಂಡವರೆಲ್ಲರದು. ಆ ಕೀರ್ತಿಯನ್ನು ಉಳಿಸಿಕೊಳ್ಳುವ ಹೊಣೆಯನ್ನು, ಸಂಪರ್ಕದ ವೆಚ್ಚವನ್ನು ಹಂಚಿಕೊಂಡಷ್ಟೇ ಶ್ರದ್ಧೆಯಿಂದ, ಎಲ್ಲರೂ ಹಂಚಿಕೊಳ್ಳಬೇಕು.