ಗೂಢಪುರುಷರ ನೀತಿ: ರುದ್ರಪಟ್ಟಣದ ಶಾಮಶಾಸ್ತ್ರಿಗಳ ‘ಅರ್ಥಶಾಸ್ತ್ರ’ ಮತ್ತು ‘ಸ್ಟಾರ್ ಟ್ರೆಕ್’ನ ಸೆಕ್ಷನ್ 31

ರಾಜ್ಯದ ರಕ್ಷಣೆಗಾಗಿ ಗುಟ್ಟಾಗಿ ಕೆಲಸ ಮಾಡುವವರಿಗೆ ನೀತಿಯ ಕಟ್ಟುಪಾಡು ಉಂಟೇ ಎಂಬ ಪ್ರಶ್ನೆಗೆ ಭಾರತದಲ್ಲಿ ಸಿಗುವ ಅತ್ಯಂತ ವಿಸ್ತಾರವಾದ ಹಳೆಯ ಆಕರ ಕೌಟಿಲ್ಯನ ಅರ್ಥಶಾಸ್ತ್ರ. ಅದನ್ನು ಬೆಳಕಿಗೆ ತಂದವರು ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ್ದ ಗ್ರಂಥಲಿಪಿಯ ತಾಳೆಗರಿ ಕಟ್ಟು ಅರ್ಥಶಾಸ್ತ್ರವೇ ಎಂದು ಅವರು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲಪಾಠ ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಕನ್ನಡದಲ್ಲಿ ಕೆಂಪುನಾರಾಯಣನ ಮುದ್ರಾಮಂಜೂಷ (1823) ಚಾಣಕ್ಯನ ತಂತ್ರಗಳ ಕಥೆಯನ್ನು ಆಗಲೇ ಹೇಳಿತ್ತು. ಆ ಕಥೆಯ ಬೆನ್ನಿಗಿದ್ದ ಶಾಸ್ತ್ರ ಇಡಿಯಾಗಿ ಓದಲು ಸಿಕ್ಕಿದ್ದು ಶಾಸ್ತ್ರಿಗಳ ದುಡಿಮೆಯಿಂದ.

ಅರ್ಥಶಾಸ್ತ್ರದ ಮೊದಲ ಅಧಿಕರಣದ 11 ಮತ್ತು 12ನೆಯ ಅಧ್ಯಾಯಗಳು ಗೂಢಪುರುಷರ ನೇಮಕಕ್ಕೆ ಮೀಸಲು. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂಬ ಐವರು ಒಂದೆಡೆ ನೆಲೆನಿಂತು ಕೆಲಸ ಮಾಡುವವರು. ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಸುತ್ತಾಡುವವರು. ತಾಪಸನ ಚಿತ್ರವಂತೂ ಕಣ್ಣಿಗೆ ಕಟ್ಟುವಂತಿದೆ. ಊರ ಹೊರಗೆ ಶಿಷ್ಯರೊಡನೆ ಬೀಡುಬಿಟ್ಟ ಈ ಜಡೆಯ ಸನ್ಯಾಸಿ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಎಲ್ಲರೆದುರು ಒಂದು ಹಿಡಿ ಸೊಪ್ಪು ತಿನ್ನುತ್ತಾನೆ. ಮರೆಯಲ್ಲಿ ಬೇಕಾದ್ದನ್ನು ಉಣ್ಣುತ್ತಾನೆ. ಬೆಂಕಿ ಬೀಳುತ್ತದೆ, ಕಳ್ಳರು ಬರುತ್ತಾರೆ ಎಂದು ಭವಿಷ್ಯ ನುಡಿಯುತ್ತಾನೆ. ನುಡಿದದ್ದನ್ನು ನಿಜಮಾಡಿ ತೋರಿಸುವುದು ಉಳಿದ ಗೂಢಚಾರರ ಕೆಲಸ. ಜನರ ಭಕ್ತಿಯನ್ನೇ ಬೇಹಿನ ಸಾಧನ ಮಾಡಿಕೊಳ್ಳುವ ಈ ಏರ್ಪಾಡಿನ ಬಗ್ಗೆ ಗ್ರಂಥಕ್ಕೆ ಯಾವ ಅಳುಕೂ ಇಲ್ಲ.

ಅಳುಕಿಲ್ಲದಿದ್ದರೂ ಅಂಕೆ ಇದೆ. ಒಬ್ಬನ ಮಾತಿನ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ಮೂವರ ಸುದ್ದಿ ತಾಳೆಯಾದರೆ ಮಾತ್ರ ನಂಬಿಕೆ. ಒಬ್ಬರ ಗುರುತು ಇನ್ನೊಬ್ಬರಿಗೆ ಇರಬಾರದು. ಮತ್ತೆ ಮತ್ತೆ ತಪ್ಪು ಸುದ್ದಿ ತಂದವನಿಗೆ ಗುಟ್ಟಿನ ಶಿಕ್ಷೆ, ಇಲ್ಲವೇ ಕೆಲಸದಿಂದ ವಜಾ. ಸುಳ್ಳು ವರದಿಯಿಂದ ನಿರಪರಾಧಿ ಕೆಡಬಾರದು ಎನ್ನುವುದಕ್ಕಿಂತ ಅರಸ ಮೋಸಹೋಗಬಾರದು ಎಂಬುದೇ ಇಲ್ಲಿನ ಮುಖ್ಯ ಕಾಳಜಿ.

ನೀತಿಯ ಪ್ರಶ್ನೆ ನಿಜವಾಗಿ ಏಳುವುದು 10ನೆಯ ಅಧ್ಯಾಯದ ‘ಉಪಧಾ’ದಲ್ಲಿ, ಅಂದರೆ ಅಮಾತ್ಯರ ನಿಷ್ಠೆಯ ಗುಪ್ತ ಪರೀಕ್ಷೆಯಲ್ಲಿ. ಅರಸ ಪುರೋಹಿತನನ್ನು ಸುಳ್ಳು ನೆಪದಿಂದ ಪದಚ್ಯುತಗೊಳಿಸುತ್ತಾನೆ. ಆತ ಸತ್ರಿಗಳ ಮೂಲಕ ಒಬ್ಬೊಬ್ಬ ಅಮಾತ್ಯನನ್ನೂ ಬಂಡಾಯಕ್ಕೆ ಕರೆಯುತ್ತಾನೆ. ಒಲ್ಲೆನೆಂದವನು ಶುದ್ಧ. ಹೀಗೆ ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಪರೀಕ್ಷೆಗಳು. ಕಾಮದ ಪರೀಕ್ಷೆಯಲ್ಲಿ ಪಟ್ಟದ ರಾಣಿಗೆ ನಿನ್ನ ಮೇಲೆ ಮನಸ್ಸಾಗಿದೆ ಎಂದು ಪರಿವ್ರಾಜಿಕೆಯೊಬ್ಬಳು ಅಮಾತ್ಯನ ಕಿವಿಯಲ್ಲಿ ಹೇಳುತ್ತಾಳೆ. ಹಿಂದಿನ ಆಚಾರ್ಯರ ಈ ಪದ್ಧತಿಯನ್ನು ವಿವರಿಸಿದ ಮೇಲೆ ಕೌಟಿಲ್ಯ ತನ್ನ ಮಾತನ್ನು ಸೇರಿಸುತ್ತಾನೆ: ಅರಸನನ್ನಾಗಲಿ ರಾಣಿಯನ್ನಾಗಲಿ ಪರೀಕ್ಷೆಯ ವಸ್ತು ಮಾಡಬಾರದು, ಕೆಡದವನನ್ನು ಕೆಡಿಸುವುದು ನೀರಿಗೆ ವಿಷ ಬೆರೆಸಿದಂತೆ, ಒಮ್ಮೆ ಕೆಟ್ಟ ಮನಸ್ಸಿಗೆ ಮದ್ದು ಸಿಗದೆಯೂ ಹೋದೀತು. ಪರೀಕ್ಷೆಯೇ ಅಪರಾಧವನ್ನು ಹುಟ್ಟಿಸಬಲ್ಲದು ಎಂಬ ಈ ಅರಿವು ಗ್ರಂಥದ ಅತ್ಯಂತ ಸೂಕ್ಷ್ಮವಾದ ಭಾಗ ಎನ್ನಬೇಕು.

ಇದೇ ಪ್ರಶ್ನೆ ವೈಜ್ಞಾನಿಕ ಕಲ್ಪನೆಯ ಕಿರುತೆರೆಯಲ್ಲಿ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ (1993–99) ಸರಣಿಯಲ್ಲಿ ಮತ್ತೆ ತಲೆಯೆತ್ತಿತು. 1998ರ ಕಂತೊಂದರಲ್ಲಿ ವೈದ್ಯ ಜೂಲಿಯನ್ ಬಶೀರ್ ಶತ್ರುಗಳ ಬೇಹುಗಾರನೆಂಬ ಆರೋಪಕ್ಕೆ ಗುರಿಯಾಗುತ್ತಾನೆ. ಗೆಳೆಯರೂ ಅವನನ್ನು ನಂಬುವುದಿಲ್ಲ. ಕೊನೆಗೆ ನೋಡಿದರೆ ಎಲ್ಲವೂ ಯಂತ್ರ ಹೂಡಿದ ಮಾಯಾದೃಶ್ಯ. ‘ಸೆಕ್ಷನ್ 31’ ಎಂಬ, ಯಾರಿಗೂ ಲೆಕ್ಕ ಒಪ್ಪಿಸದ ಸಂಸ್ಥೆಯ ಸ್ಲೋನ್ ನಡೆಸಿದ ಪರೀಕ್ಷೆ ಅದು. ಗೆದ್ದ ಬಶೀರ್‌ಗೆ ಸಿಗುವ ಬಹುಮಾನ ಅದೇ ಸಂಸ್ಥೆಗೆ ಸೇರುವ ಆಹ್ವಾನ, ಅವನು ನಿರಾಕರಿಸುತ್ತಾನೆ. ಆದರೆ ಅವನ ನಾಯಕ ಸಿಸ್ಕೊ ಮುಂದಿನ ಸಲ ಕರೆದರೆ ಒಪ್ಪಿಕೊಂಡು ಒಳಗಿನ ಸುದ್ದಿ ತಿಳಿದು ಬಾ ಎನ್ನುತ್ತಾನೆ. ಶುದ್ಧನೆಂದು ಸಾಬೀತಾದವನನ್ನೇ ಎರಡೂ ಕಡೆಯವರು ಬೇಹಿಗೆ ಎಳೆಯುತ್ತಾರೆ. ಆಪ್ತರ ಮುಖಗಳನ್ನೇ ಗಾಳಕ್ಕೆ ಸಿಕ್ಕಿಸಿದ ಸ್ಲೋನ್, ಕೌಟಿಲ್ಯ ಎಳೆದ ಗೆರೆಯನ್ನು ದಾಟಿದವನು.

ಅರ್ಥಶಾಸ್ತ್ರದ ಬೇಹಿನವರೂ ತಮ್ಮ ವ್ಯವಸ್ಥೆಯ ಬಲಿಗಳೇ ಎಂಬುದನ್ನು ಮರೆಯಬಾರದು. ಸತ್ರಿಗಳು ಬಂಧುಬಳಗವಿಲ್ಲದೆ ಅರಸನ ಅನ್ನದಲ್ಲೇ ಬೆಳೆದವರು. ಎರಡೂ ಕಡೆ ಸಂಬಳ ಪಡೆಯುವ ‘ಉಭಯವೇತನ’ನ ಹೆಂಡತಿ ಮಕ್ಕಳನ್ನು ಅರಸ ಒತ್ತೆ ಇಟ್ಟುಕೊಳ್ಳಬೇಕು ಎಂಬುದು ವಿಧಿ. ಬಾಣಭಟ್ಟ ತನ್ನ ‘ಕಾದಂಬರಿ’ಯಲ್ಲಿ ಈ ಶಾಸ್ತ್ರವನ್ನು ಕ್ರೂರವೆಂದು ಜರೆದ. ಶಾಸ್ತ್ರಿಗಳ ಪ್ರಕಟಣೆಯಾದ ಹತ್ತು ವರ್ಷಕ್ಕೆ, 1919ರಲ್ಲಿ, ಜರ್ಮನಿಯ ಮ್ಯಾಕ್ಸ್ ವೇಬರ್ ಇದರ ಮುಂದೆ ಮೆಕಿಯವೆಲ್ಲಿಯ ‘ಪ್ರಿನ್ಸ್’ ನಿರುಪದ್ರವಿ ಎಂದ.

ವಿಷದ ವಿಷಯದಲ್ಲಿ ಎರಡು ಕೃತಿಗಳೂ ಮುಖಾಮುಖಿಯಾಗುತ್ತವೆ. ಸೆಕ್ಷನ್ 31 ಶತ್ರುಕುಲವನ್ನೇ ಅಳಿಸಲು ರೋಗಾಣು ಹರಡಿಸುತ್ತದೆ. ಬಶೀರ್ ಅದರ ಮದ್ದನ್ನು ಸ್ಲೋನ್‌ನ ಮಿದುಳಿನಿಂದ ಹೊರತೆಗೆಯುತ್ತಾನೆ. ಆ ಮದ್ದು ಶತ್ರುವಿಗೆ ಸಿಕ್ಕ ಮೇಲೆಯೇ ಯುದ್ಧ ನಿಲ್ಲುತ್ತದೆ. ಅರ್ಥಶಾಸ್ತ್ರದ ರಸದ, ಎಂದರೆ ವಿಷವಿಕ್ಕುವವನು, ಬಂಧುಗಳ ಮೇಲೂ ಪ್ರೀತಿಯಿಲ್ಲದ ಕ್ರೂರಿ, ಸೋಮಾರಿ. ಅಂಥವನನ್ನೇ ಹುಡುಕಿ ನೇಮಿಸಬೇಕು. ಐದನೆಯ ಅಧಿಕರಣದ ಸಂಬಳದ ಪಟ್ಟಿಯಲ್ಲಿ ತಾಪಸನಿಗೆ 1000 ಪಣ, ರಸದನಿಗೆ 500. ಕೊಟ್ಟ ವಿಷವನ್ನು ಹಾಕಲಾರೆ ಎಂದ ರಸದನ ಮಾತು ನೇಮಕದ ಆ ಎರಡು ಅಧ್ಯಾಯಗಳಲ್ಲಿ ಬರುವುದಿಲ್ಲ.