ಮೈದಾನದ ಶೌರ್ಯವೂ ಮಿದುಳಿನ ಆಘಾತವೂ

ನೋವನ್ನು ನುಂಗಿಕೊಂಡು ಆಡುವುದು ಭಾರತೀಯ ಕ್ರಿಕೆಟ್ಟಿನಲ್ಲಿ ಬಹುಕಾಲದಿಂದ ಸದ್ಗುಣವೆನಿಸಿದೆ. 1959ರ ಲಾರ್ಡ್ಸ್ ಟೆಸ್ಟಿನಲ್ಲಿ ಪಕ್ಕೆಲುಬುಗಳು ಮುರಿದಿದ್ದರೂ ನಾರಿ ಕಾಂಟ್ರಾಕ್ಟರರು 81 ರನ್ ಗಳಿಸಿದುದು ಇದಕ್ಕೆ ಪ್ರಸಿದ್ಧ ನಿದರ್ಶನ. 1962ರ ಮಾರ್ಚಿನಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತರ ಚೆಂಡು ಅವರ ತಲೆಬುರುಡೆಯನ್ನೇ ಒಡೆಯಿತು. ವೆಸ್ಟ್ ಇಂಡೀಸಿನ ನಾಯಕ ಫ್ರಾಂಕ್ ವೊರೆಲ್ ರಕ್ತದಾನ ಮಾಡಿದರು. ಜೀವ ಉಳಿಯಿತು, ಟೆಸ್ಟ್ ಆಟ ಅಲ್ಲಿಗೆ ಮುಗಿಯಿತು. ತಲೆಯೊಳಗಿನ ಲೋಹದ ಫಲಕವನ್ನು ಮುಂಬಯಿಯಲ್ಲಿ ಹೊರತೆಗೆದುದು 2022ರಲ್ಲಿ.

ಒಡೆದ ಬುರುಡೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಬುರುಡೆ ಒಡೆಯದೆಯೂ ಮಿದುಳು ಒಳಗೆ ಅಲುಗಿ ಘಾಸಿಗೊಳ್ಳಬಹುದು. ವೈದ್ಯರು ಕನ್‌ಕಷನ್ ಎನ್ನುವ ಈ ಆಘಾತದಲ್ಲಿ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಹೆಲ್ಮೆಟ್ ಇದನ್ನು ಸಂಪೂರ್ಣವಾಗಿ ತಡೆಯುವುದೂ ಇಲ್ಲ. ಇದರ ಲಕ್ಷಣವುಳ್ಳವನು ಅದೇ ಪಂದ್ಯಕ್ಕೆ ಮರಳಬಾರದೆಂದು 2001ರ ವಿಯೆನ್ನಾ ತಜ್ಞರ ಸಮ್ಮೇಳನವು ಸಾರಿತು. 2019ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು ಇಂಥವನ ಸ್ಥಾನದಲ್ಲಿ ಬದಲಿ ಆಟಗಾರನಿಗೆ ಅವಕಾಶವಿತ್ತಿತು.

ಈ ಎಚ್ಚರವು ಶಾಲಾಬಾಲಕರನ್ನೂ ಮುಟ್ಟಬೇಕಾಗಿದೆ. ಹ್ಯಾರಿಸ್ ಮತ್ತು ಗೈಲ್ಸ್ ಷೀಲ್ಡುಗಳ ಕನಸು ಹೊತ್ತ ಹುಡುಗರು ಆಡುವ ಆಜಾದ್ ಮೈದಾನದಲ್ಲಿ ಏಕಕಾಲಕ್ಕೆ ಅನೇಕ ಪಂದ್ಯಗಳು ನಡೆಯುತ್ತವೆ. ಒಂದರ ಕ್ಷೇತ್ರರಕ್ಷಕ ಇನ್ನೊಂದರ ಚೆಂಡಿಗೆ ಬೆನ್ನುಮಾಡಿ ನಿಂತಿರುತ್ತಾನೆ. ಮಾಟುಂಗಾದ ದಡ್ಕರ್ ಮೈದಾನದಲ್ಲಿ 2024ರ ಜನವರಿಯಲ್ಲಿ ಹೀಗೆ ಪಕ್ಕದ ಪಂದ್ಯದ ಚೆಂಡು ತಲೆಗೆ ಬಡಿದು ವಯಸ್ಕ ಆಟಗಾರರೊಬ್ಬರು ಮೃತಪಟ್ಟರು.

ಪೆಟ್ಟುತಿಂದ ಹುಡುಗ ತಂಡದಲ್ಲಿ ತನ್ನ ಸ್ಥಾನ ತಪ್ಪೀತೆಂಬ ಭಯದಿಂದ ‘ಏನೂ ಆಗಿಲ್ಲ’ ಎನ್ನುತ್ತಾನೆ. ಆದುದರಿಂದ ನಿರ್ಣಯವನ್ನು ಅವನಿಗೆ ಬಿಡಲಾಗದು. ತಲೆನೋವು, ತಲೆಸುತ್ತು, ಓಕರಿಕೆ, ಮಂಜುಗಣ್ಣು, ತಡವರಿಕೆ, ಕೇಳಿದ್ದನ್ನೇ ಕೇಳುವುದು, ಕಳೆದ ಓವರನ್ನು ಮರೆಯುವುದು—ಇವುಗಳಲ್ಲಿ ಒಂದು ಕಂಡರೂ ಅವನನ್ನು ಆಟದಿಂದ ಹೊರತರಬೇಕು. ಅಂದು ಮತ್ತೆ ಆಡಿಸಬಾರದು. ಒಂಟಿಯಾಗಿ ಬಿಡದೆ ವೈದ್ಯರಿಗೆ ತೋರಿಸಬೇಕು. ಮರುಮರಳಿ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಸೆಳವು, ಕೈಕಾಲುಗಳ ನಿಶ್ಶಕ್ತಿ ಕಂಡರೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು; ಕತ್ತು ನೋಯುತ್ತಿದ್ದರೆ ನೆರವು ಬರುವವರೆಗೆ ಅಲುಗಿಸಬಾರದು. ಒಂದೆರಡು ದಿನಗಳ ವಿಶ್ರಾಂತಿಯ ಬಳಿಕ ಮೊದಲು ಪಾಠ, ಅನಂತರ ಲಘು ವ್ಯಾಯಾಮ, ವೈದ್ಯರ ಒಪ್ಪಿಗೆ ದೊರೆತ ಮೇಲೆಯೇ ಪಂದ್ಯ—ಇದು ಕ್ರಮ. ಪೂರ್ತಿ ಚೇತರಿಸಿಕೊಳ್ಳದ ಎಳೆಯ ಮಿದುಳಿಗೆ ಎರಡನೆಯ ಪೆಟ್ಟು ಪ್ರಾಣಾಂತಿಕವಾಗಬಲ್ಲದು.

ಹೊರಗುಳಿಯುವುದು ಹೇಡಿತನವಲ್ಲವೆಂಬುದಕ್ಕೆ ಕರ್ನಾಟಕದ ಮಯಂಕ್ ಅಗರ್‌ವಾಲರೇ ಸಾಕ್ಷಿ. 2021ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮಿನ ಅಭ್ಯಾಸದ ವೇಳೆ ಚೆಂಡು ಹೆಲ್ಮೆಟ್ಟಿಗೆ ಬಡಿದು ಕನ್‌ಕಷನ್ ಆದುದರಿಂದ ಅವರನ್ನು ಟೆಸ್ಟಿನಿಂದ ಕೈಬಿಡಲಾಯಿತು. ಅದೇ ಡಿಸೆಂಬರಿನಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ಅವರು ನ್ಯೂಜಿಲೆಂಡಿನ ವಿರುದ್ಧ 150 ರನ್ ಹೊಡೆದರು. ಅಲ್ಲಿಂದ ಅನತಿದೂರದ ಮೈದಾನಗಳಲ್ಲಿ ಆಡುವ ಬಾಲಕರಿಗೂ ಅಂಥದೇ ವಿಶ್ರಾಂತಿ ದೊರೆಯಬೇಕು.